ಕ್ಯಾನ್ಸರ್ ಡಾಕ್ಟರ್ ಆಗಬೇಕು ಅಂದವರಿಗೆ

ಶಿರಸಿಯವರು, ಎಂಬಿಬಿಎಸ್ ಮುಗೀತು, ಕ್ಯಾನ್ಸರ್ ತಜ್ಞೆಯಾಗಿ ಮೆಡಿಕಲ್ ಕಾಲೇಜು ಆಸ್ಪತ್ರೆ ಸೇರಬೇಕು, ಮುಂದೇನು ಅಂತ ಕೇಳಿದ್ದೀರಿ. ರೇಡಿಯೇಷನ್ (ವಿಕಿರಣ ಚಿಕಿತ್ಸೆ) ಆದರೆ ಅದರಲ್ಲೇ 3 ವರ್ಷದ ಎಂಡಿ, ಅಂದರೆ ಸ್ನಾತಕೋತ್ತರ ಪದವಿ, ಸಾಕು. ಕೀಮೋ (ಔಷಧಿ ಚಿಕಿತ್ಸೆ) ಕಡೆ ಹೋದರೆ ಎಂಡಿ ಮೇಲೆ ಮತ್ತೆ 3 ವರ್ಷ ಡಿಎಂ ಅನ್ನೋ ಸೂಪರ್ ಸ್ಪೆಷಾಲಿಟಿ ಕೋರ್ಸ್. ಆಪರೇಷನ್‌ಗೆ ಎಂಎಸ್ (ಸರ್ಜರಿಯ ಸ್ನಾತಕೋತ್ತರ ಪದವಿ), ಆಮೇಲೆ ಅದರ ಸೂಪರ್ ಸ್ಪೆಷಾಲಿಟಿ ಎಂಸಿಎಚ್.

ಓದಿಗಿಂತ ಒಪಿಡಿನೇ (ಹೊರರೋಗಿ ವಿಭಾಗ) ಕಷ್ಟ. ನಮ್ಮ ಕಡೆ ರೋಗಿಗಳಿಗೆ ಕವಳ (ಎಲೆ-ಅಡಿಕೆ) ಬಿಡಿಸೋದು ಸುಲಭ ಅಲ್ವಲ್ಲ. ‘ತಂಬಾಕು ಹಾಕೋದಿಲ್ಲ ಮಾರಾಯ್ರೇ, ಬರೀ ಅಡಿಕೆ’ ಅಂತಾರೆ. ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ. (ತೋಟ ಇರೋ ಮನೆಯವರಿಗೆ ಇದನ್ನ ಹೇಳಿ ನೋಡಿ!) ಅಡಿಕೆ ಜಗಿದು ಜಗಿದು ಕೆಲವರ ಬಾಯಿ ಎರಡು ಬೆರಳು ಹಿಡಿಯುವಷ್ಟೂ ತೆರೆಯೋದಿಲ್ಲ. ಅದನ್ನೇ ಪಕ್ಕದಲ್ಲಿ ನಿಂತ ವಿದ್ಯಾರ್ಥಿಗಳಿಗೆ ತೋರಿಸಿ ಕಲಿಸಬೇಕು, ರೋಗಿಗೆ ಮುಜುಗರ ಆಗದ ಹಾಗೆ.

ಸೀಟು ಆರಿಸೋ ಮುಂಚೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಅನುಮತಿ ಕೇಳಿ, ಒಂದು ವಾರ ಸುಮ್ನೆ ಕೂತು ನೋಡಿ.