ಬಾವಿ ನೀರಿನ ಉಪ್ಪೂ ಸೆಮಿಸ್ಟರಿನ ಲೆಕ್ಕವೂ

ಪ್ರಶ್ನೆ: ನಮ್ಮ ಸಿವಿಲ್ ವಿಭಾಗದಲ್ಲಿ ಸಮಾಜಸೇವೆ ಎಂದರೆ ಕಡಲತೀರ ಗುಡಿಸುವುದು, ಗಿಡ ನೆಡುವುದು, ಬ್ಯಾನರ್ ಹಿಡಿದು ಫೋಟೊ. ಕಾಳಿ ನದಿಯ ಅಳಿವೆ ಹತ್ತಿರದ ಮನೆಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಅದನ್ನೇ ಪಾಠವಾಗಿಸಲು ಬರುತ್ತದೆಯೆ?
– ಉಪನ್ಯಾಸಕಿ, ಕಾರವಾರ

ಉತ್ತರ: ಧಾರಾಳವಾಗಿ. ಆದರೆ ಮೊದಲು ತಿಂಗಳು ನೋಡಿಕೊಳ್ಳಿ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ‘ಸೋಶಿಯಲ್ ಕನೆಕ್ಟ್’ ಎಂಬ ಸಮಾಜಸೇವೆಯ ಪಾಠ ಇರುವುದು ಮೂರನೇ ಸೆಮಿಸ್ಟರಿನಲ್ಲಿ. ಆಗಿನ್ನೂ ಮಳೆಗಾಲದ ನೀರು ಬಾವಿಯಲ್ಲಿರುತ್ತದೆ, ರುಚಿಯೂ ಸಿಹಿ. ಅಷ್ಟಕ್ಕೇ ನಿಲ್ಲಿಸಿದರೆ ‘ಇಲ್ಲಿ ತೊಂದರೆಯಿಲ್ಲ’ ಎಂಬ ಸುಳ್ಳು ವರದಿ ತಯಾರಾಗುತ್ತದೆ. ನವೆಂಬರಿನಲ್ಲಿ ಒಂದು ಸುತ್ತು, ಏಪ್ರಿಲ್ ಕೊನೆಗೆ ಅದೇ ಬಾವಿಗಳಲ್ಲಿ ಇನ್ನೊಂದು. ಎರಡನೆಯದನ್ನು ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) 100 ಚಟುವಟಿಕೆ ಅಂಕಗಳಿಗೆ ಸೇರಿಸಿ. ಇಲ್ಲವಾದರೆ ಬಿಸಿಲಿಗೆ ಯಾರೂ ಬರುವುದಿಲ್ಲ!

ನಾಲ್ವರು ವಿದ್ಯಾರ್ಥಿಗಳ ತಂಡಕ್ಕೆ ಹತ್ತು ಬಾವಿ ಸಾಕು. ನೀರು ಸೇದುವ ಹೆಂಗಸರನ್ನೇ ಕೇಳಲಿ: ಯಾವ ತಿಂಗಳು ರುಚಿ ಕೆಡುತ್ತದೆ, ಪಂಪು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ?

ಹೆಚ್ಚಿನವರು ಎಡವುವುದು ಮಾದರಿ ತೆಗೆಯುವಲ್ಲಿ. ಕೊಡಪಾನಕ್ಕೆ ಬರುವುದು ಮೇಲಿನ ನೀರು. ಉಪ್ಪುನೀರು ಭಾರ, ತಳದಲ್ಲಿರುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿ ಇಳಿಸಿ, ತಳ ಮುಟ್ಟುವ ಮುಂಚೆ ಬಿರಡೆ ಎಳೆಯಬೇಕು. ಮೇಲಿನದೊಂದು, ತಳದ್ದೊಂದು. ಜೊತೆಗೆ ನೀರಿನ ಮಟ್ಟ, ಕಡಲು ಭರತವೋ ಇಳಿತವೋ, ಆಗಷ್ಟೇ ಪಂಪು ಓಡಿತ್ತೋ ಎಂಬುದನ್ನೂ ಬರೆದಿಡಲಿ.

ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಅಳೆಯುವುದು ಲ್ಯಾಬಿನಲ್ಲೇ. ಅದಕ್ಕೆ ಬಳಸುವ ಕ್ರೋಮೇಟ್ ವಿಷ, ಯಾರ ಅಂಗಳದಲ್ಲೂ ಚೆಲ್ಲಬಾರದು. 50 ಮಿ.ಲೀ. ನೀರಿಗೆ 1 ಮಿ.ಲೀ. ಪೊಟ್ಯಾಸಿಯಂ ಕ್ರೋಮೇಟ್ ಹಾಕಿ, 0.0141 ನಾರ್ಮಲ್ ಸಾಂದ್ರತೆಯ ಸಿಲ್ವರ್ ನೈಟ್ರೇಟ್ ಬ್ಯುರೆಟ್ಟಿನಿಂದ ಬಿಡಿ. ಹಳದಿ ತುಸು ಕೆಂಪಾದೊಡನೆ ನಿಲ್ಲಿಸಿ. ಬ್ಲ್ಯಾಂಕ್ (ಬರೀ ಭಟ್ಟಿ ಇಳಿಸಿದ ನೀರಿಗೆ ಹಿಡಿದ ಪ್ರಮಾಣ) ಕಳೆದ ಮೇಲೆ ಸಿಲ್ವರ್ ನೈಟ್ರೇಟಿನ ಪ್ರತಿ ಮಿ.ಲೀ.ಗೆ ಲೀಟರು ನೀರಿನಲ್ಲಿ 10 ಮಿ.ಗ್ರಾಂ. ಕ್ಲೋರೈಡ್. ಏಪ್ರಿಲಿನಲ್ಲಿ ಬ್ಯುರೆಟ್ ಖಾಲಿಯಾದರೂ ಬಣ್ಣ ತಿರುಗದಿದ್ದರೆ ಭಟ್ಟಿ ಇಳಿಸಿದ ನೀರು ಸೇರಿಸಿ ಹತ್ತುಪಟ್ಟು ತೆಳು ಮಾಡಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಲೀಟರಿಗೆ 250 ಮಿ.ಗ್ರಾಂ., ಬೇರೆ ನೀರೇ ಇಲ್ಲದಲ್ಲಿ 1000.

ಪಾಠ ಕೂಡುವುದು ಪಂಪಿನ ಪ್ರಶ್ನೆಯಲ್ಲಿ. ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಲೆಕ್ಕ ಹೇಳುವ ಗೈಬೆನ್–ಹರ್ಜ್‌ಬರ್ಗ್ ಸೂತ್ರದಂತೆ ಸಿಹಿನೀರಿನ ಮಟ್ಟ ಒಂದಡಿ ಇಳಿದರೆ ಕೆಳಗಿನ ಉಪ್ಪಿನ ಗಡಿ ಸುಮಾರು ನಲವತ್ತಡಿ ಏರಬೇಕು. ನೆಲ ಅಷ್ಟು ಅಚ್ಚುಕಟ್ಟಲ್ಲ, ಏರಲು ಸಮಯವೂ ಬೇಕು. ಆದರೂ ಒಂದೇ ಸಮನೆ ಎಳೆಯುವ ಬದಲು ಬಿಟ್ಟುಬಿಟ್ಟು ಸ್ವಲ್ಪಸ್ವಲ್ಪ ಎಳೆಯಿರಿ ಎಂಬ ಸಲಹೆಗೆ ಬುಡ ಇದೇ.

ಅರ್ಧ ಅಂಕ ಲಾಗ್‌ಬುಕ್ಕಿಗಿಡಿ, ತಪ್ಪಿದ ರೀಡಿಂಗು ಏಕೆ ತಪ್ಪಿತೆಂದು ಬರೆದವರಿಗೆ ಹೆಚ್ಚು ಕೊಡಿ. ಫಲಿತಾಂಶವನ್ನು ಪ್ರತಿ ಮನೆಗೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ತಲುಪಿಸಬೇಕು, ಬೇಕಾದಲ್ಲಿ ಕೊಂಕಣಿಯಲ್ಲಿ ಹೇಳಲಿ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಇಂಗಿದಷ್ಟೂ ಹೆಚ್ಚುತ್ತದೆ ಎಂಬ ಸಾಲು ಆ ಹಾಳೆಯಲ್ಲಿ ತಪ್ಪದೆ ಇರಲಿ.