ಅಣ್ಣನ ಶುಂಠಿ, ತಂಗಿಯ ವೀಸಾ

ರೇಖಾ (ಹೆಸರು, ಗುರುತು ಬದಲಿಸಿದ್ದೇನೆ) 27 ವರ್ಷದ ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್ ಮುಗಿಸಿ ಹಾಸನದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ. ಮನೆ ಆಲೂರು ಕಡೆಯ ಹಳ್ಳಿ. ನೈಟ್ ಡ್ಯೂಟಿಯಲ್ಲಿ ಎದೆ ಡವಡವ ಅನ್ನುತ್ತದೆ, ಹಗಲು ಮಲಗಿದರೆ ನಿದ್ದೆ ಹತ್ತುವುದಿಲ್ಲ. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇದ್ದಿದ್ದರಿಂದ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಕೂತ ತಕ್ಷಣ ಕೇಳಿದ್ದು ಒಂದೇ ಮಾತು. "ಮೇಡಂ, ಗಲ್ಫ್‌ಗೆ ಹೋಗ್ಲಾ ಬೇಡ್ವಾ? ಅಷ್ಟು ಹೇಳ್ಬಿಡಿ ಸಾಕು."

ಇಂಥ ಪ್ರಶ್ನೆಗೆ ನಾನು ಹೂಂ, ಉಹೂಂ ಅನ್ನುವುದಿಲ್ಲ. ಇರುವ ಕಾಗದಗಳನ್ನೆಲ್ಲ ತೋರಿಸಿ ಅನ್ನುತ್ತೇನೆ. ಆಪ್ತಸಲಹೆ ಅಂದರೆ ಬರೀ ಮನಸ್ಸಿನ ಮಾತು ಅಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಜನರ ನಿದ್ದೆ ಕೆಡಿಸುವುದು ಎಷ್ಟೋ ಸಲ ಒಂದು ಕಾಗದವೇ: ಪಹಣಿ, ಬಡ್ಡಿ ಚೀಟಿ, ಜಾತಕ.

ಫೋನಿನ ಕವರ್ ಒಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಆಫರ್ ಲೆಟರ್ ತೆಗೆದಳು. ಸಂಬಳದ ಸಾಲಿಗೆ ಹಳದಿ ಹೈಲೈಟರ್ ಎಳೆದಿತ್ತು. ಅದರ ಮೇಲಿನ ಸಾಲಿನಲ್ಲಿ ಹುದ್ದೆ: ನರ್ಸಿಂಗ್ ಅಸಿಸ್ಟೆಂಟ್. ಆಸ್ಪತ್ರೆಯ ಹೆಸರು ಎಲ್ಲೂ ಇಲ್ಲ, ಕೆಲಸ ಕೊಡುತ್ತಿರುವುದು ಒಂದು ಮ್ಯಾನ್‌ಪವರ್ ಕಂಪನಿ. ವೀಸಾ ಅವರ ಹೆಸರಲ್ಲಿ, ಸಂಬಳ ಅವರ ಕೈಯಿಂದ, ಯಾವ ಆಸ್ಪತ್ರೆಗೆ ಕಳಿಸುವುದು ಅನ್ನುವುದೂ ಅವರಿಗೆ ಬಿಟ್ಟದ್ದು. ಏಜೆಂಟ್ ಕೇಳಿದ್ದು ನಾಲ್ಕೂವರೆ ಲಕ್ಷ. ಅರ್ಧ ಮುಂಗಡ, ಅದೂ ಕ್ಯಾಶ್.

"ಹುದ್ದೆ ನೋಡಿದ್ರಾ?" ಅಂದೆ.

"ನೋಡಿದೀನಿ ಮೇಡಂ. ವೀಸಾಗೋಸ್ಕರ ಹಂಗೆ ಹಾಕ್ತಾರಂತೆ. ಹೋದ್ಮೇಲೆ ಚೇಂಜ್ ಮಾಡ್ತಾರಂತೆ."

ಪೇಷಂಟಿಗೆ ಒಂದು ಇಂಜೆಕ್ಷನ್ ಕೊಡಬೇಕಾದರೆ ಚಾರ್ಟ್ ಎರಡು ಸಲ ನೋಡುವ ಹುಡುಗಿ ಇವಳು. ತನ್ನ ವಿಷಯದಲ್ಲಿ ಮಾತ್ರ "ಅಂತೆ" ಸಾಕಾಗಿತ್ತು. ಪೆದ್ದುತನ ಅಲ್ಲ ಇದು. ಯಾವುದೋ ತುರ್ತು ಇದೆ ಅನ್ನಿಸಿತು, ಕೇಳಿದೆ.

ಅಣ್ಣ ಬೇರೆಯವರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದ. ಕೊಳೆರೋಗ ಬಂತು, ಉಳಿದದ್ದಕ್ಕೆ ರೇಟ್ ಸಿಗಲಿಲ್ಲ. ಕೈಸಾಲ ಬೆಳೆಯಿತು. ಈಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ರೇಖಾ ಎರಡು ವರ್ಷ ದುಡಿದರೆ ಎಲ್ಲ ತೀರುತ್ತದೆ. ಏಜೆಂಟಿಗೆ ಕೊಡುವ ದುಡ್ಡಿಗೆ ಅವ್ವನ ಸರ ಅಡ ಇಡುವುದು, ಸಾಲದಿದ್ದರೆ ಇರುವ ಒಂದೆಕರೆ ಕಾಫಿ ತೋಟದ ಮೇಲೆ ಸಾಲ ಎತ್ತುವುದು. ಒಂದು ಸಾಲ ತೀರಿಸೋಕೆ ಇನ್ನೊಂದು, ಎರಡೂ ಅವಳ ತಲೆ ಮೇಲೆ.

"ಅಲ್ಲಿ ಮೊದಲನೇ ಸಂಬಳ ಬಂದ ದಿನ ಏನು ಮಾಡ್ತೀರಿ?" ಅಂತ ಕೇಳಿದೆ. ಮನೆಗೆ ಕಳಿಸುತ್ತೇನೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಒಬ್ಬಳೇ ಮಲಗ್ತೀನಿ ಮೇಡಂ. ಯಾರ ಫೋನೂ ಎತ್ತಲ್ಲ," ಅಂದಳು. ಅಂದುಬಿಟ್ಟು ತಾನೇ ಗಾಬರಿಯಾದಳು.

ಹೋಗುವ ಆಸೆ ಅವಳದ್ದೇ, ಅದು ತಪ್ಪೂ ಅಲ್ಲ. ಆದರೆ ಈ ಏಜೆಂಟ್, ಈ ಅವಸರ, ಈ ಸಾಲ ಅಣ್ಣನ ಶುಂಠಿಯಿಂದ ಬಂದವು. ಎರಡನ್ನೂ ಬಿಡಿಸಿ ನೋಡೋಣ ಅಂದೆ.

ಕಾಗದದ ವಿಷಯ ಮೊದಲು ಹೇಳಿದೆ, ಅಲ್ಲಿ ತಡ ಮಾಡುವಂತಿರಲಿಲ್ಲ. ಕೆಲಸಕ್ಕಾಗಿ ವಿದೇಶಕ್ಕೆ ಕಳಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರು, ಲೈಸೆನ್ಸ್ ನಂಬರ್ ಸಿಗುತ್ತದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ರಸೀದಿ ಕೊಡಲೇಬೇಕು. ಇನ್ನೊಂದು ವಿಷಯ ಎಷ್ಟೋ ನರ್ಸ್‌ಗಳಿಗೆ ಗೊತ್ತಿಲ್ಲ. ಸೌದಿ, ಕುವೈತ್, ಕತಾರ್, ಯುಎಇ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ, ಡಿಗ್ರಿ ಇದ್ದರೂ, 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡುವ ಮೊದಲು ನಮ್ಮ ಸರ್ಕಾರದ ಅನುಮತಿ, ಕಡ್ಡಾಯ. "ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ನೋಡ್ಕೊಳ್ಳೋಣ" ಅನ್ನುವವರು ಈ ಗೇಟನ್ನೇ ಹಾರಿಸುತ್ತಿದ್ದಾರೆ ಅಂತ ಅರ್ಥ. ಆಮೇಲೆ ಅಲ್ಲಿ ಏನಾದರೂ ಆದರೆ ಕೇಳುವವರು ಯಾರು, ಅಲ್ವಾ?

ಅಸಿಸ್ಟೆಂಟ್ ಅಂತ ಬರೆದ ಕೆಲಸಕ್ಕೆ ಹೋಗಬೇಡಿ ಅಂತ ನೇರವಾಗಿಯೇ ಹೇಳಿದೆ. ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಡೇಟಾಫ್ಲೋ (ಸರ್ಟಿಫಿಕೇಟ್‌ಗಳು ಅಸಲಿಯೇ ಅಂತ ನೋಡುವ) ಪರಿಶೀಲನೆ, ಪರೀಕ್ಷೆ, ಅಲ್ಲಿನ ಲೈಸೆನ್ಸ್ ಬೇಕು. ಅದು ಇಲ್ಲಿಂದಲೇ ಶುರುವಾಗಬೇಕು, ಹೋದಮೇಲೆ ತಾನಾಗಿ ಬದಲಾಗುವುದಿಲ್ಲ.

ಕಸಿನ್ ಒಬ್ಬಳು ಬ್ರಿಟನ್ನಿನಲ್ಲಿ ಏಜೆನ್ಸಿ ಶಿಫ್ಟಿಗೆ (ಏಜೆನ್ಸಿ ಮೂಲಕ ಸಿಗುವ ಬಿಡಿ ಶಿಫ್ಟು) ಗಂಟೆ ಲೆಕ್ಕದಲ್ಲಿ ಜಾಸ್ತಿ ದುಡ್ಡು ಅಂದಿದ್ದಳಂತೆ. ಇರಬಹುದು. ಆದರೆ ಹೊಸದಾಗಿ ಹೋಗುವವರ ವೀಸಾ ಕರೆಸಿಕೊಂಡ ಆಸ್ಪತ್ರೆಗೆ ಕಟ್ಟಿಕೊಂಡಿರುತ್ತದೆ, ಏಜೆನ್ಸಿ ಶಿಫ್ಟು ಆಮೇಲಿನ ಮಾತು. ಆ ದಾರಿ ನಿಧಾನದ್ದು: ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಆಮೇಲೆ ಅಲ್ಲಿನ ನರ್ಸಿಂಗ್ ಕೌನ್ಸಿಲಿನ ಕಂಪ್ಯೂಟರ್ ಪರೀಕ್ಷೆ. ಅದನ್ನು ಭಾರತದಲ್ಲೇ ಬರೆಯಬಹುದು. ಪ್ರಾಕ್ಟಿಕಲ್ ಮಾತ್ರ ಅಲ್ಲಿ. ಒಂದು ಅನುಕೂಲ ಇದೆ. ಕೆಲಸ ಕೊಡಿಸಲು ನರ್ಸ್‌ಗಳಿಂದ ಏಜೆನ್ಸಿಗಳು ದುಡ್ಡು ತೆಗೆದುಕೊಳ್ಳಬಾರದು ಅಂತ ಅಲ್ಲಿನ ಸರ್ಕಾರದ ನೇಮಕಾತಿ ಸಂಹಿತೆ ಹೇಳುತ್ತದೆ.

ಮನೆಯ ಮಾತು ಇದಕ್ಕಿಂತ ಕಷ್ಟದ್ದು. "ಅಣ್ಣನಿಗೆ ಇಲ್ಲ ಅಂದ್ರೆ ಅವ್ವ ಅಳ್ತಾಳೆ" ಅಂದಳು. ಇಲ್ಲ ಅನ್ನಬೇಡಿ, ಒಂದು ಮೊತ್ತ ಹೇಳಿ ಅಂದೆ. ತಿಂಗಳಿಗೆ ಇಷ್ಟು ಕೊಡ್ತೀನಿ, ಇಷ್ಟು ನನ್ನ ಹೆಸರಲ್ಲಿ ಇರುತ್ತೆ, ತೋಟ ಮುಟ್ಟೋದು ಬೇಡ. ಈ ಮಾತನ್ನು ನನ್ನ ಮುಂದೆಯೇ ಮೂರು ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ಮೊತ್ತ ಬಾಯಿಗೇ ಬರಲಿಲ್ಲ. ಕೊನೆಗೆ ಬಂದಾಗ ಅದು ತೀರಾ ಜಾಸ್ತಿ ಆಯಿತು. ಪಿಜಿ ಬಾಡಿಗೆ, ಬಸ್ ಚಾರ್ಜು ಕಳೆದು ಮತ್ತೆ ಹೇಳಿ ಅಂದೆ.

ಏಜೆಂಟ್ ಹತ್ತಿರ ಲೈಸೆನ್ಸ್ ನಂಬರ್, ರಸೀದಿ ಕೇಳಿದ್ದಾಳೆ. "ನಂಬಿಕೆ ಇಲ್ದಿದ್ರೆ ಬಿಡಿ, ಜನ ಕ್ಯೂ ನಿಂತಿದಾರೆ" ಅಂದನಂತೆ. ಬಿಟ್ಟಳು. ಅಣ್ಣ ಅವಳ ಹತ್ತಿರ ಮಾತು ಬಿಟ್ಟಿದ್ದಾನೆ. ಒಇಟಿಗೆ ಆನ್‌ಲೈನ್ ಕ್ಲಾಸ್ ಸೇರಿದ್ದಾಳೆ, ಎದೆಬಡಿತ ಕಮ್ಮಿಯಾಗಿದೆ. ಮನೆಯಿಂದ ಫೋನ್ ಬಂದ ದಿನ ಮಾತ್ರ ಈಗಲೂ ನಿದ್ದೆ ಇಲ್ಲ. ಮುಂದಿನ ಸಲ ಅವ್ವನನ್ನೂ ಕರೆದುಕೊಂಡು ಬಾ ಅಂದಿದ್ದೇನೆ. ಕಾಫಿ ಕೊಯ್ಲು ಮುಗಿದಮೇಲೆ ಬರುತ್ತಾರಂತೆ.