ಮಗುವಿನ ಅಂಗವೈಕಲ್ಯದ ಬಗ್ಗೆ ಚಾಟ್‌ಬಾಟ್ ಹೇಳುವುದನ್ನು ನಂಬಬಹುದಾ?

ಎಲ್ಲವನ್ನೂ ನಂಬಬೇಡಿ. ಆದರೆ ರಿಪೋರ್ಟ್ ಅರ್ಥ ಮಾಡಿಕೊಳ್ಳಲು ಖಂಡಿತ ಬಳಸಿ. ಉದಾಹರಣೆಗೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಗುವಿನ ರಿಪೋರ್ಟಿನಲ್ಲಿ 'ಜಿಎಂಎಫ್‌ಸಿಎಸ್ 3' ಎಂದಿದ್ದರೆ ಓದಿದವರಿಗೆ ಗಾಬರಿ ಆಗುತ್ತದೆ, ಅಲ್ವಾ? ಅದು ಮಗುವಿನ ಓಡಾಟವನ್ನು 1ರಿಂದ 5ರವರೆಗೆ ಗುರುತಿಸುವ ಅಳತೆ. 3 ಅಂದರೆ ಸಾಮಾನ್ಯವಾಗಿ ವಾಕರ್ ಅಥವಾ ಊರುಗೋಲು ಹಿಡಿದು ನಡೆಯುವ ಮಗು. ಇಂಥದ್ದನ್ನು ಚಾಟ್‌ಬಾಟ್ ಬಿಡಿಸಿ ಹೇಳುತ್ತದೆ, ಎಷ್ಟು ಸಲ ಕೇಳಿದರೂ ಹೇಳುತ್ತದೆ. ನಡುರಾತ್ರಿ ಚಿಂತೆಯಲ್ಲಿ ಕೂತ ತಂದೆತಾಯಿಗೆ ಇದು ಸಣ್ಣ ಸಹಾಯವಲ್ಲ.

'ನನ್ನ ಮಗುವಿಗೆ ಆಟಿಸಂ ಇದೆಯಾ?' ಎಂಬ ಪ್ರಶ್ನೆ ಬೇರೆ. ಅದಕ್ಕೆ ಪರಿಣತರು ಮಗುವನ್ನು ಕಣ್ಣಾರೆ ನೋಡಬೇಕು. ಚಾಟ್‌ಬಾಟಿಗೆ ಸಿಗುವುದು ನೀವು ಕೊಟ್ಟ ಮಾಹಿತಿ ಮಾತ್ರ. ಗೊತ್ತಿಲ್ಲದಿದ್ದರೂ ಅದು ಗೊತ್ತಿರುವ ಹಾಗೆ ಗಟ್ಟಿಯಾಗಿ ಹೇಳಿಬಿಡಬಹುದು, ಇಲ್ಲದ ಅಧ್ಯಯನದ ಹೆಸರನ್ನೂ ಕೊಡಬಹುದು. 'ಇನ್ನೂ ಸ್ವಲ್ಪ ದಿನ ನೋಡಿ' ಎಂದು ಚಾಟ್‌ಬಾಟ್ ಹೇಳಿದರೆ ಸುಮ್ನೆ ಕಾಯಬೇಡಿ. ಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು.

ಫಿಟ್ಸ್ ಮಾತ್ರೆಯನ್ನಂತೂ ಅದರ ಮಾತು ಕೇಳಿ ನಿಲ್ಲಿಸಲೇಬೇಡಿ. ದಿಢೀರನೆ ಬಿಟ್ಟರೆ ಫಿಟ್ಸ್ ಜೋರಾಗಿ ಮರಳಬಹುದು, ಜೀವಕ್ಕೇ ಅಪಾಯ.

ರಿಪೋರ್ಟ್ ಹಾಕುವ ಮೊದಲು ಮಗುವಿನ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ನಂಬರ್ ಅಳಿಸಿ.